ಹದಿನಾರು ಸಲ ಊರು ಮುಟ್ಟಿದ ಸವಾರ

ಕಬ್ಬಿನ ಹಂಗಾಮಿನಲ್ಲಿ ಗೋಕಾಕ-ಮೂಡಲಗಿ ಸೀಮೆಯ ರಸ್ತೆಗಳಲ್ಲಿ ಓಡಾಡಿದವರಿಗೆ ಈ ನೋಟ ಹೊಸದಲ್ಲ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ಏದುಸಿರು ಬಿಡುತ್ತ ಕಾರ್ಖಾನೆಯ ಕಡೆಗೆ ಹೊರಟಿರುತ್ತದೆ. ಅದರ ಬೆನ್ನಿಗೆ ಅಂಟಿಕೊಂಡಂತೆ ಶಾಲೆ ಬಿಟ್ಟ ಹುಡುಗನೊಬ್ಬ ಸೈಕಲ್ ತುಳಿಯುತ್ತಿರುತ್ತಾನೆ. ಎದುರುಗಾಳಿ ಎಷ್ಟೇ ಇರಲಿ, ಅವನಿಗೆ ತಟ್ಟುವುದಿಲ್ಲ. ಕಬ್ಬಿನ ಆ ದೊಡ್ಡ ಗೋಡೆ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಹುಡುಗನ ಕಾಲಿಗೆ ಅರ್ಧದಷ್ಟೇ ಕೆಲಸ ಉಳಿಯುತ್ತದೆ. ಕೌಜಲಗಿಯ ತಿರುವಿನಲ್ಲಿ ಟ್ರ್ಯಾಕ್ಟರ್ ಅತ್ತ ಹೊರಳಿ ಹುಡುಗ ಇತ್ತ ಹೊರಳಿದನೋ, ಬಯಲಿನ ಗಾಳಿ ಒಮ್ಮೆಲೇ ಎದೆಗೆ ಬಡಿಯುತ್ತದೆ. ಪೆಡಲ್ ಕಲ್ಲಿನಂತೆ ಭಾರವಾಗುತ್ತದೆ.

ಹುಡುಗರು ಆಟಕ್ಕೆಂದು ಮಾಡುವ, ಹಿರಿಯರು ಬೈದು ಬಿಡಿಸುವ ಈ ಅಪಾಯದ ಕೆಲಸದಲ್ಲಿಯೇ ಯುರೋಪಿನ ರಸ್ತೆ ಸೈಕಲ್ ಪಂದ್ಯಗಳ ಒಳಗುಟ್ಟು ಅಡಗಿದೆ ಎಂದರೆ ನಂಬುತ್ತೀರಾ? ಮುಂದಿನವನ ಬೆನ್ನ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಹೋಗುವ ಸವಾರನಿಗೆ ಸುಮಾರು ಮೂರರಲ್ಲಿ ಒಂದು ಪಾಲು ಶಕ್ತಿ ಉಳಿತಾಯವಾಗುತ್ತದೆ. ಹಾಗೆ ಉಳಿಸಿದ್ದನ್ನು ಯಾವ ಗಳಿಗೆಯಲ್ಲಿ ಖರ್ಚು ಮಾಡಬೇಕೆಂದು ಬಲ್ಲವನು ಗೆಲ್ಲುತ್ತಾನೆ. ಉಳಿಸುತ್ತಲೇ ಇದ್ದು, ಖರ್ಚು ಮಾಡಲು ಹಿಂಜರಿಯುವವನಿಗೆ ಅಲ್ಲಿ ಒಂದು ಬೈಗುಳವೇ ಇದೆ: ಚಕ್ರ ಚೀಪುವವ!

ಈ ಬೈಗುಳವನ್ನು ಅತಿ ಹೆಚ್ಚು ಕೇಳಿಸಿಕೊಂಡ ಸವಾರರಲ್ಲಿ ಹಾಲೆಂಡಿನ ಯೋಪ್ ಝೂಟೆಮೆಲ್ಕ್ ಒಬ್ಬ. ಜಗತ್ತಿನ ಅತಿ ಕಠಿಣ ಸೈಕಲ್ ಪಂದ್ಯವಾದ ಟೂರ್ ಡಿ ಫ್ರಾನ್ಸ್‌ನಲ್ಲಿ ಆತ ಆರು ಸಲ ಎರಡನೆಯವನಾದ. ಒಂದೇ ಒಂದು ಸಲ ಮೊದಲನೆಯವನಾದ. ಆ ಒಂದು ಸಲವೂ 'ಇನ್ನೊಬ್ಬ ಬಿಟ್ಟುಹೋದದ್ದಕ್ಕೆ ಸಿಕ್ಕಿತು' ಎಂದು ಜನ ಆಡಿಕೊಂಡರು. ಆದರೆ ಹದಿನಾರು ಸಲ ಆ ಪಂದ್ಯಕ್ಕೆ ಹೊರಟ ಆತ ಹದಿನಾರು ಸಲವೂ ಕೊನೆಯ ಊರು ಮುಟ್ಟಿದ. ಒಮ್ಮೆಯೂ ನಡುದಾರಿಯಲ್ಲಿ ಸೈಕಲ್ ಇಳಿಯಲಿಲ್ಲ.

ಎರಡನೆಯವನಾಗುವುದು ಸೋಲೇ? ಈ ಪ್ರಶ್ನೆಯನ್ನು ಒಂದು ಜೀವಮಾನದುದ್ದಕ್ಕೂ ಹೆಗಲ ಮೇಲೆ ಹೊತ್ತು ಸೈಕಲ್ ತುಳಿದವನ ಕಥೆ ಇದು.

ಸಿಹಿ ಹಾಲಿನ ಹುಡುಗ

ಡಚ್ ಭಾಷೆಯಲ್ಲಿ 'ಝೂಟೆ ಮೆಲ್ಕ್' ಎಂದರೆ ಸಿಹಿ ಹಾಲು. ಹೆಸರಿಗೆ ತಕ್ಕಂತೆ ಯೋಪ್ ಬೆಳೆದದ್ದು ಒಕ್ಕಲುತನದ ಮನೆಯಲ್ಲಿ. 1946ರ ಡಿಸೆಂಬರ್ 3ರಂದು ಹೇಗ್ ನಗರದಲ್ಲಿ ಹುಟ್ಟಿದರೂ ಬಾಲ್ಯವೆಲ್ಲ ಕಳೆದದ್ದು ಲೈಡನ್ ಸಮೀಪದ ರೈಪ್ವೆಟರಿಂಗ್ ಎಂಬ ಸಣ್ಣ ಹಳ್ಳಿಯಲ್ಲಿ. ಎಲ್ಲಿ ನೋಡಿದರೂ ಕಾಲುವೆ, ಹುಲ್ಲುಗಾವಲು, ದನ. ಗುಡ್ಡ ಎಂಬುದು ಹುಡುಕಿದರೂ ಸಿಗದ ನಾಡು ಅದು. ಅಂಥ ಸಪಾಟು ನೆಲದಲ್ಲಿ ಬೆಳೆದವನು ಮುಂದೆ ಆಲ್ಪ್ಸ್ ಪರ್ವತದ ಹತ್ತುಹಾದಿಗಳಲ್ಲಿ ಹೆಸರು ಮಾಡಿದ್ದು ಒಂದು ಸೋಜಿಗ.

ಹುಡುಗ ಮೊದಲು ಕಲಿತದ್ದು ಬಡಗಿ ಕೆಲಸ. ಮೊದಲು ಹಚ್ಚಿಕೊಂಡ ಆಟ ಸೈಕಲ್ ಅಲ್ಲ, ಹಿಮದ ಮೇಲಿನ ಸ್ಕೇಟಿಂಗ್. ಚಳಿಗಾಲದಲ್ಲಿ ಕಾಲುವೆಗಳು ಹೆಪ್ಪುಗಟ್ಟುವ ಆ ದೇಶದಲ್ಲಿ ಸ್ಕೇಟಿಂಗ್ ಎಂದರೆ ನಮ್ಮಲ್ಲಿ ಬಾವಿಗೆ ಹಾರಿ ಈಜು ಕಲಿತಷ್ಟೇ ಸಹಜ. ಸ್ಕೇಟಿಂಗ್‌ನಿಂದ ಬಂದ ತೊಡೆಯ ಕಸುವು ಸೈಕಲ್ಲಿಗೂ ಒದಗಿತು. 1964ರ ಹೊತ್ತಿಗೆ ಆತ ಪೂರ್ತಿಯಾಗಿ ಸೈಕಲ್ಲಿನತ್ತ ವಾಲಿದ.

ನಾಲ್ಕೇ ವರ್ಷ ಕಳೆಯುವಷ್ಟರಲ್ಲಿ ಒಲಿಂಪಿಕ್ಸ್! 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ನಾಲ್ವರು ಸವಾರರ ತಂಡ ಸುಮಾರು ನೂರು ಕಿ.ಮೀ. ದೂರವನ್ನು ಗಡಿಯಾರದ ವಿರುದ್ಧ ಓಡುವ ಪಂದ್ಯದಲ್ಲಿ ಹಾಲೆಂಡ್ ಚಿನ್ನ ಗೆದ್ದಿತು. ಫೆಡೋರ್ ಡೆನ್ ಹೆರ್ಟೋಗ್, ಯಾನ್ ಕ್ರೆಕೆಲ್ಸ್, ರೆನೆ ಪೈನೆನ್ ಜೊತೆ ನಾಲ್ಕನೆಯವ ಝೂಟೆಮೆಲ್ಕ್. ಮರುವರ್ಷ, ಯುವ ಸವಾರರಿಗಾಗಿಯೇ ಇರುವ 'ಟೂರ್ ಡಿ ಲಾವೆನೀರ್' ಪಂದ್ಯವನ್ನು ಆತ ಗೆದ್ದ. ಆ ಹೆಸರಿನ ಅರ್ಥವೇ 'ಭವಿಷ್ಯದ ಟೂರ್'. 1970ರಲ್ಲಿ ಆತ ಬೆಲ್ಜಿಯಂನ ಫ್ಲಾಂಡ್ರಿಯಾ ತಂಡ ಸೇರಿ ವೃತ್ತಿಪರ ಸವಾರನಾದ. ಅಲ್ಲಿಂದ ಸೈಕಲ್ಲೇ ಹೊಟ್ಟೆಪಾಡು.

ಈ ಪಂದ್ಯದ ಬಗೆಯೇ ಬೇರೆ

ಟೂರ್ ಡಿ ಫ್ರಾನ್ಸ್ ಎಂದರೆ ಏನೆಂದು ಇಲ್ಲಿ ತುಸು ಹೇಳಬೇಕು. 1903ರಲ್ಲಿ ಒಂದು ಪತ್ರಿಕೆ ತನ್ನ ಮಾರಾಟ ಹೆಚ್ಚಿಸಿಕೊಳ್ಳಲೆಂದು ಶುರು ಮಾಡಿದ ಪಂದ್ಯ ಇದು. ಜುಲೈ ತಿಂಗಳ ಬಿಸಿಲಿನಲ್ಲಿ ಸುಮಾರು ಮೂರು ವಾರ ಸವಾರರು ಫ್ರಾನ್ಸ್ ದೇಶವನ್ನು ಸುತ್ತುತ್ತಾರೆ. ಝೂಟೆಮೆಲ್ಕ್‌ನ ಕಾಲದಲ್ಲಿ ಒಟ್ಟು ದೂರ ನಾಲ್ಕು ಸಾವಿರ ಕಿ.ಮೀ. ಆಸುಪಾಸು ಇರುತ್ತಿತ್ತು. ಒಂದೊಂದು ದಿನಕ್ಕೆ ಒಂದೊಂದು ಹಂತ. ಒಂದು ದಿನ ಬಯಲು, ಇನ್ನೊಂದು ದಿನ ಪಿರನೀಸ್ ಇಲ್ಲವೆ ಆಲ್ಪ್ಸ್ ಪರ್ವತದ ಏರು, ಮತ್ತೊಂದು ದಿನ ಪ್ರತಿಯೊಬ್ಬ ಸವಾರ ಒಬ್ಬಂಟಿಯಾಗಿ ಗಡಿಯಾರದ ವಿರುದ್ಧ ಓಡುವ ಪರೀಕ್ಷೆ. ಎಲ್ಲ ಹಂತಗಳ ಸಮಯವನ್ನು ಕೂಡಿಸಿ ಯಾರದು ಕಡಿಮೆಯೋ ಅವನೇ ವಿಜೇತ. ಯಾವ ದಿನ ಯಾರು ಒಟ್ಟಾರೆ ಮುಂದಿರುತ್ತಾನೋ ಅವನಿಗೆ ಮರುದಿನ ಹಳದಿ ಅಂಗಿ.

ನಮ್ಮ ಹಳ್ಳಿಗಳಲ್ಲಿ ಹಿಂದೆ ಜಾತ್ರೆ, ಹಬ್ಬಗಳ ಹೊತ್ತಿನಲ್ಲಿ ನಡೆಯುತ್ತಿದ್ದ 'ನಾನ್‌ಸ್ಟಾಪ್ ಸೈಕಲ್' ಆಟ ಹಿರಿಯರಿಗೆ ನೆನಪಿದ್ದೀತು. ಊರ ನಡುವಿನ ಬಯಲಲ್ಲಿ ಕಂಬ ನೆಟ್ಟು, ಧ್ವನಿವರ್ಧಕ ಕಟ್ಟಿ, ಒಬ್ಬ ಸವಾರ ಹಗಲೂ ರಾತ್ರಿ ಕೆಳಗಿಳಿಯದೆ ಸುತ್ತುತ್ತಿದ್ದ. ಸೈಕಲ್ ಮೇಲೆಯೇ ಊಟ, ಸೈಕಲ್ ಮೇಲೆಯೇ ಸ್ನಾನ. ಅಲ್ಲಿ ಮೊದಲನೆಯವ, ಎರಡನೆಯವ ಎಂಬ ಮಾತಿಲ್ಲ. ಕಾಲು ನೆಲಕ್ಕೆ ಇಟ್ಟನೋ ಇಲ್ಲವೋ, ಅಷ್ಟೇ ಲೆಕ್ಕ. ಟೂರ್‌ನಲ್ಲಿ ಈ ಎರಡೂ ಲೆಕ್ಕಗಳು ಒಟ್ಟಿಗೇ ನಡೆಯುತ್ತವೆ. ಮುಂದೆ ಇರುವವರು ಸೆಕೆಂಡುಗಳಿಗಾಗಿ ಹೊಡೆದಾಡುತ್ತಾರೆ. ಹಿಂದೆ ಇರುವವರಿಗೆ ಕೊನೆಯವರೆಗೆ ಉಳಿದರೆ ಸಾಕಾಗಿರುತ್ತದೆ. ಬಿದ್ದು ಎಲುಬು ಮುರಿದವರು, ಜ್ವರ ಬಂದವರು, ಗುಡ್ಡದಲ್ಲಿ ಸೋತು ನಿಗದಿಯ ಸಮಯ ಮೀರಿದವರು ದಾರಿಯುದ್ದಕ್ಕೂ ಉದುರುತ್ತಲೇ ಹೋಗುತ್ತಾರೆ.

ಮರ್ಕ್ಸ್‌ನ ನೆರಳಿನಲ್ಲಿ

1970ರಲ್ಲಿ ಮೊದಲ ಸಲ ಟೂರ್‌ಗೆ ಹೊರಟ 23ರ ಹರೆಯದ ಝೂಟೆಮೆಲ್ಕ್ ಎರಡನೆಯ ಸ್ಥಾನ ಪಡೆದಾಗ ಹಾಲೆಂಡ್ ಹುಚ್ಚೆದ್ದು ಕುಣಿಯಿತು. ಎರಡೇ ವರ್ಷ ಹಿಂದೆ, 1968ರಲ್ಲಿ, ಯಾನ್ ಯಾನ್ಸೆನ್ ಬರೀ 38 ಸೆಕೆಂಡುಗಳ ಅಂತರದಿಂದ ಟೂರ್ ಗೆದ್ದು ಮೊದಲ ಡಚ್ ವಿಜೇತನಾಗಿದ್ದ. ಎರಡನೆಯ ವಿಜೇತ ಇವನೇ ಎಂದು ಎಲ್ಲರೂ ಬಗೆದರು. ಆದರೆ ಮೊದಲ ಮತ್ತು ಎರಡನೆಯ ಸ್ಥಾನಗಳ ನಡುವಿನ ಅಂತರ 12 ನಿಮಿಷ 41 ಸೆಕೆಂಡು! ಮುಂದಿದ್ದವನು ಬೆಲ್ಜಿಯಂನ ಎಡ್ಡಿ ಮರ್ಕ್ಸ್. ಸಿಕ್ಕಿದ್ದನ್ನೆಲ್ಲ ನುಂಗುತ್ತಾನೆಂದು 'ನರಭಕ್ಷಕ' ಎಂಬ ಅಡ್ಡಹೆಸರು ಪಡೆದಿದ್ದ ಮಹಾ ಸವಾರ.

1971ರಲ್ಲಿ ಮತ್ತೆ ಅದೇ ಕಥೆ. ಮರ್ಕ್ಸ್ ಮೊದಲಿಗ, ಝೂಟೆಮೆಲ್ಕ್ ಎರಡನೆಯವ. ಈ ಸಲ ಅಂತರ 9 ನಿಮಿಷ 51 ಸೆಕೆಂಡು. ಗ್ರೆನೋಬ್ಲ್‌ನಲ್ಲಿ ಒಂದೇ ಒಂದು ದಿನ ಹಳದಿ ಅಂಗಿ ಅವನ ಮೈಮೇಲೆ ಬಂದು, ಮರುದಿನವೇ ಸ್ಪೇನಿನ ಲೂಯಿಸ್ ಒಕಾನ್ಯಾನ ಪಾಲಾಯಿತು.

ಆ ವರ್ಷ ಪಿರನೀಸ್‌ನಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ನೆನಪಿಡಬೇಕು. ಮೆಂತೆ ಎಂಬ ಕಣಿವೆಯ ಇಳಿಜಾರಿನಲ್ಲಿ ಆಲಿಕಲ್ಲಿನ ಬಿರುಮಳೆ ಹಿಡಿಯಿತು. ರಸ್ತೆ ಹಳ್ಳವಾಯಿತು. ಹಳದಿ ಅಂಗಿ ತೊಟ್ಟಿದ್ದ ಒಕಾನ್ಯಾ ಜಾರಿ ಬಿದ್ದ. ಏಳುವಷ್ಟರಲ್ಲಿ ಹಿಂದಿನಿಂದ ಬಂದ ಝೂಟೆಮೆಲ್ಕ್ ಬ್ರೇಕ್ ಹಿಡಿಯದೆ ಅವನಿಗೆ ಡಿಕ್ಕಿ ಹೊಡೆದ. ಏಳು ನಿಮಿಷಕ್ಕೂ ಹೆಚ್ಚು ಮುಂದಿದ್ದ ಒಕಾನ್ಯಾನ ಟೂರ್ ಅಲ್ಲಿಗೇ ಮುಗಿಯಿತು. ಹಳದಿ ಅಂಗಿ ಮರ್ಕ್ಸ್‌ಗೆ ಬಂತು. ಆದರೆ ಬಿದ್ದವನಿಗೆ ಗೌರವ ತೋರಿಸಲೆಂದು ಮರ್ಕ್ಸ್ ಮರುದಿನ ಅದನ್ನು ತೊಡಲು ಒಪ್ಪಲಿಲ್ಲ. ಇದನ್ನು ಪಕ್ಕದಲ್ಲೇ ಇದ್ದು ಕಂಡವನು ಝೂಟೆಮೆಲ್ಕ್. ಒಂಬತ್ತು ವರ್ಷಗಳ ಬಳಿಕ ಇಂಥದೇ ಗಳಿಗೆ ಅವನ ಬಾಳಿನಲ್ಲೂ ಬರಲಿತ್ತು.

1972ರಲ್ಲಿ ಐದನೆಯ ಸ್ಥಾನ, 1973ರಲ್ಲಿ ನಾಲ್ಕನೆಯ ಸ್ಥಾನ. ಝೂಟೆಮೆಲ್ಕ್‌ನ ಮುಖ ಬಿಸಿಲಿಗೆ ಎಂದೂ ಕಪ್ಪಾಗುವುದಿಲ್ಲ, ಯಾಕೆಂದರೆ ಆತ ಸದಾ ಮರ್ಕ್ಸ್‌ನ ನೆರಳಿನಲ್ಲೇ ಇರುತ್ತಾನೆ ಎಂಬ ನಗೆಮಾತು ಬೆಲ್ಜಿಯಂನಲ್ಲಿ ಮನೆಮಾತಾಯಿತು. ಜನ ನಕ್ಕರು. ಆತ ಉತ್ತರ ಕೊಡುವ ಸ್ವಭಾವದವನೇ ಅಲ್ಲ. ಮಾತು ಕಡಿಮೆ, ಸಿಡುಕು ಇಲ್ಲ, ಪತ್ರಕರ್ತರಿಗೆ ತಲೆಬರಹ ಒದಗಿಸುವ ಚಾತುರ್ಯ ಮೊದಲೇ ಇಲ್ಲ.

ನಿಂತಿದ್ದ ಒಂದು ಕಾರು

1974ನೆಯ ವರ್ಷ ಬೇರೆಯೇ ಬಗೆಯಲ್ಲಿ ಶುರುವಾಯಿತು. ಮಾರ್ಚ್ ತಿಂಗಳ ಪ್ಯಾರಿಸ್-ನೀಸ್ ಪಂದ್ಯದಲ್ಲಿ ಮರ್ಕ್ಸ್‌ನನ್ನು ಹಿಂದಿಕ್ಕಿ ಝೂಟೆಮೆಲ್ಕ್ ಗೆದ್ದ. ಸ್ಪೇನಿನ ಕೆಟಲಾನ್ ವಾರದ ಪಂದ್ಯ ಗೆದ್ದ. ಸ್ವಿಟ್ಜರ್ಲೆಂಡಿನ ರೊಮಾಂಡಿ ಪಂದ್ಯವನ್ನೂ ಗೆದ್ದ. ಈ ಸಲದ ಟೂರ್ ಇವನದೇ ಎಂಬ ಮಾತು ಮೊದಲ ಬಾರಿಗೆ ಗಟ್ಟಿಯಾಗಿ ಕೇಳಿಬಂತು.

ಟೂರ್‌ಗೆ ಮುನ್ನ ದಕ್ಷಿಣ ಫ್ರಾನ್ಸಿನಲ್ಲಿ ಮಿದಿ ಲೀಬ್ರ್ ಎಂಬ ಪಂದ್ಯ. ವಾಲ್ರಾಸ್ ಪ್ಲಾಜ್ ಎಂಬ ಕಡಲದಂಡೆಯ ಊರಿನಲ್ಲಿ ಹಂತದ ಕೊನೆ. ರಸ್ತೆಯ ಮೇಲೆ ಇರಬಾರದ ಜಾಗದಲ್ಲಿ ಇಂಗ್ಲಿಷ್ ಪ್ರವಾಸಿಯೊಬ್ಬನ ಕಾರು ನಿಂತಿತ್ತು. ವೇಗವಾಗಿ ಬಂದ ಝೂಟೆಮೆಲ್ಕ್ ನೇರವಾಗಿ ಅದಕ್ಕೆ ಅಪ್ಪಳಿಸಿದ. ಆಗ ವೃತ್ತಿಪರ ಸವಾರರು ತಲೆಗೆ ಇಂದಿನಂಥ ಗಟ್ಟಿ ಹೆಲ್ಮೆಟ್ ಹಾಕುತ್ತಿರಲಿಲ್ಲ. ತಲೆಬುರುಡೆ ಬಿರಿಯಿತು. ಜೀವ ಉಳಿದದ್ದೇ ದೊಡ್ಡದಾಯಿತು. ಮೇಲಿಂದ ಮೆನಿಂಜೈಟಿಸ್ ಎಂಬ ಮೆದುಳುಪೊರೆಯ ಬೇನೆಯೂ ಸೇರಿಕೊಂಡು ಆತ ಸಾವಿನ ಬಾಗಿಲು ತಟ್ಟಿ ಬಂದ. ನಾಲಿಗೆಯ ರುಚಿ ಒಂದಿಷ್ಟು ಹೋದದ್ದು ಮರಳಿ ಪೂರ್ತಿ ಬರಲೇ ಇಲ್ಲ. 1970ರಿಂದ 1986ರವರೆಗಿನ ಹದಿನೇಳು ವರ್ಷಗಳಲ್ಲಿ ಆತ ಟೂರ್‌ಗೆ ಹೋಗದ ವರ್ಷ ಅದೊಂದೇ.

ಬೇರೆ ಯಾರಾದರೂ ಆಗಿದ್ದರೆ ಬಡಗಿ ಕೆಲಸಕ್ಕೆ ಮರಳುತ್ತಿದ್ದರೋ ಏನೋ. ಝೂಟೆಮೆಲ್ಕ್ 1975ರ ಮಾರ್ಚ್‌ನಲ್ಲಿ ಮತ್ತೆ ಪ್ಯಾರಿಸ್-ನೀಸ್ ಪಂದ್ಯಕ್ಕೆ ಬಂದ. ಮತ್ತೆ ಗೆದ್ದ. ಮರ್ಕ್ಸ್ ಎರಡನೆಯವ! ಆ ವರ್ಷದ ಟೂರ್‌ನಲ್ಲಿ ಆತನಿಗೆ ನಾಲ್ಕನೆಯ ಸ್ಥಾನ.

ನೆರಳು ಬದಲಾಯಿತು

ಮರ್ಕ್ಸ್‌ನ ಯುಗ ಮುಗಿಯುತ್ತ ಬಂದಾಗ ತನ್ನ ಕಾಲ ಬಂತೆಂದು ಝೂಟೆಮೆಲ್ಕ್ ಎಣಿಸಿದ್ದರೆ ತಪ್ಪಿಲ್ಲ. 1976ರ ಟೂರ್‌ಗೆ ಮರ್ಕ್ಸ್ ಬರಲಿಲ್ಲ. ಆಲ್ಪ್ ದ್ಯುಯೆಜ್ ಗುಡ್ಡದ ಇಪ್ಪತ್ತೊಂದು ತಿರುವುಗಳ ಏರನ್ನು ಝೂಟೆಮೆಲ್ಕ್ ಮೊದಲಿಗನಾಗಿ ಹತ್ತಿದ. ಮರುದಿನದ ಹಂತವನ್ನೂ ಗೆದ್ದ. ಕೊನೆಗೆ ಪ್ಯುಯಿ ದ ದೋಮ್ ಎಂಬ ಆರಿದ ಜ್ವಾಲಾಮುಖಿಯ ತುದಿಯನ್ನೂ ಮೊದಲಿಗನಾಗಿ ಮುಟ್ಟಿದ. ಮೂರು ಪರ್ವತ, ಮೂರು ಗೆಲುವು. ಆದರೂ ಟೂರ್ ಗೆದ್ದವನು ಬೆಲ್ಜಿಯಂನ ಪುಟ್ಟ ಆಳು ಲುಸಿಯೆನ್ ವಾನ್ ಇಂಪೆ. ಪಿರನೀಸ್‌ನಲ್ಲಿ ಒಂದೇ ಒಂದು ದಿನ ವಾನ್ ಇಂಪೆ ಬೆನ್ನು ತೋರಿಸಿ ಹೋದಾಗ ಝೂಟೆಮೆಲ್ಕ್ ಹಿಂದೆಯೇ ಉಳಿದಿದ್ದ. ಅಂದು ಕಳೆದುಕೊಂಡ ಸಮಯ ಮತ್ತೆ ಕೈಗೆ ಸಿಗಲಿಲ್ಲ. 4 ನಿಮಿಷ 14 ಸೆಕೆಂಡುಗಳ ಅಂತರ, ಮತ್ತೆ ಎರಡನೆಯ ಸ್ಥಾನ.

1978ರ ಹೊತ್ತಿಗೆ ಇನ್ನೊಂದು ನೆರಳು ಬಂದು ನಿಂತಿತು. ಫ್ರಾನ್ಸಿನ ಬರ್ನಾರ್ ಇನೋ. ವಯಸ್ಸಿನಲ್ಲಿ ಝೂಟೆಮೆಲ್ಕ್‌ಗಿಂತ ಎಂಟು ವರ್ಷ ಚಿಕ್ಕವ. ಆ ವರ್ಷ ಆಲ್ಪ್ ದ್ಯುಯೆಜ್‌ನಲ್ಲಿ ಹಳದಿ ಅಂಗಿ ಗಳಿಸಿದ್ದ ಮಿಶೆಲ್ ಪೊಲೆಂಟಿಯರ್ ಮದ್ದಿನ ಪರೀಕ್ಷೆಯಲ್ಲಿ ಮೋಸ ಮಾಡಲು ಹೋಗಿ ಸಿಕ್ಕಿಬಿದ್ದು ಹೊರಹಾಕಲ್ಪಟ್ಟ. ಅಂಗಿ ಝೂಟೆಮೆಲ್ಕ್‌ಗೆ ಬಂತು. ಕೆಲವು ದಿನ ತೊಟ್ಟೂ ತೊಟ್ಟ. ಕೊನೆಯ ಘಟ್ಟದ ಒಂಟಿ ಓಟದಲ್ಲಿ ಇನೋ ಅದನ್ನು ಕಿತ್ತುಕೊಂಡ. 3 ನಿಮಿಷ 56 ಸೆಕೆಂಡುಗಳಿಂದ ಮತ್ತೆ ಎರಡನೆಯ ಸ್ಥಾನ.

1979ರಲ್ಲಿ ಆತ ಸ್ಪೇನಿನ ಮೂರು ವಾರಗಳ ಪಂದ್ಯ ವುಯೆಲ್ಟಾವನ್ನು ಗೆದ್ದ. ಅದೇ ಬೇಸಿಗೆ ಟೂರ್‌ನ ಕೊನೆಯ ದಿನ ಪ್ಯಾರಿಸ್ ಸಮೀಪಿಸುತ್ತಿರುವಾಗ, ಎಲ್ಲರೂ ಪಂದ್ಯ ಮುಗಿಯಿತೆಂದು ಹರಟುತ್ತ ಸಾಗುವ ಹೊತ್ತಿನಲ್ಲಿ, ಮೂರು ನಿಮಿಷ ಹಿಂದಿದ್ದ ಝೂಟೆಮೆಲ್ಕ್ ಗುಂಪಿನಿಂದ ಸಿಡಿದು ಹೋದ. ಹಳದಿ ಅಂಗಿಯ ಇನೋ ತಾನೇ ಬೆನ್ನಟ್ಟಬೇಕಾಯಿತು. ಮೊದಲನೆಯವ ಮತ್ತು ಎರಡನೆಯವ ಇಬ್ಬರೇ ಇಡೀ ಗುಂಪನ್ನು ಹಿಂದೆ ಬಿಟ್ಟು ಪ್ಯಾರಿಸ್‌ನ ರಾಜಬೀದಿ ಶಾಂಜೆಲಿಜೆಗೆ ಬಂದರು. ಗೆರೆ ಮೊದಲು ದಾಟಿದವನು ಇನೋ. 'ಚಕ್ರ ಚೀಪುವವ' ಎಂದು ಬೈದವರಿಗೆ ಅಂದು ನೆಟ್ಟಗೆ ಉತ್ತರ ಸಿಕ್ಕಿತ್ತು.

ಸಿಕ್ಕಿತ್ತು ಎನ್ನುವಷ್ಟರಲ್ಲಿ ಮತ್ತೊಂದು ಸುದ್ದಿ ಬಂತು. ಅದೇ ದಿನದ ಪರೀಕ್ಷೆಯಲ್ಲಿ ಝೂಟೆಮೆಲ್ಕ್‌ನ ದೇಹದಲ್ಲಿ ನ್ಯಾಂಡ್ರೊಲೋನ್ ಎಂಬ ನಿಷೇಧಿತ ಮದ್ದು ಪತ್ತೆಯಾಗಿತ್ತು. ಅಂದಿನ ನಿಯಮದಂತೆ ಹತ್ತು ನಿಮಿಷಗಳ ದಂಡ. ಮೂರು ನಿಮಿಷವಿದ್ದ ಅಂತರ 13 ನಿಮಿಷ 7 ಸೆಕೆಂಡಿಗೆ ಏರಿತು. ಆದರೂ ಎರಡನೆಯ ಸ್ಥಾನ ಕೈತಪ್ಪಲಿಲ್ಲ! ಇದು ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. 1977ರ ಟೂರ್‌ನಲ್ಲಿಯೂ, 1983ರ ಟೂರ್‌ನಲ್ಲಿಯೂ ಪರೀಕ್ಷೆಯಲ್ಲಿ ಸಿಕ್ಕು ಅಷ್ಟೇ ದಂಡ ತೆತ್ತ. ಈ ಬಾಳಿನ ಕಥೆ ಹೇಳುವವರು ಇದನ್ನು ಬಿಟ್ಟು ಹೇಳಿದರೆ ಓದುಗರಿಗೆ ಮೋಸ ಮಾಡಿದಂತೆ. ಆ ಕಾಲದ ಸೈಕಲ್ ಲೋಕದಲ್ಲಿ ಮದ್ದಿನ ಹಾವಳಿ ಬಹಳ ಇತ್ತು, ಶಿಕ್ಷೆ ಹಗುರವಾಗಿತ್ತು ಎಂಬುದು ನಿಜ. ಮರ್ಕ್ಸ್‌ನಂಥವರೂ ಪರೀಕ್ಷೆಯಲ್ಲಿ ಸಿಕ್ಕಿದ್ದುಂಟು. ಹಾಗೆಂದು ಕಲೆ ತೊಳೆದುಹೋಗುವುದಿಲ್ಲ. ಇಂದಿನ ನಿಯಮಗಳಿದ್ದಿದ್ದರೆ 1980ರ ಟೂರ್‌ಗೆ ಆತ ಹೊರಡುವಂತೆಯೇ ಇರಲಿಲ್ಲ.

ತೊಡದ ಅಂಗಿ

1980ರಲ್ಲಿ ಝೂಟೆಮೆಲ್ಕ್ ತನ್ನ ದೇಶದವನೇ ಆದ ಪೀಟರ್ ಪೋಸ್ಟ್ ನಡೆಸುತ್ತಿದ್ದ ಟಿ.ಐ.-ರ‍್ಯಾಲಿ ತಂಡ ಸೇರಿದ. ಈ ಹೆಸರು ನಮ್ಮವರಿಗೆ ಪೂರ್ತಿ ಅಪರಿಚಿತವೇನಲ್ಲ. ರ‍್ಯಾಲಿ ಎಂದರೆ ಒಂದು ಕಾಲದಲ್ಲಿ ನಮ್ಮೂರುಗಳಲ್ಲಿ ಉಳ್ಳವರ ಮನೆಯ ಮುಂದೆ ನಿಲ್ಲುತ್ತಿದ್ದ ಸೈಕಲ್. ಬಂಗಾಳದ ಅಸನ್ಸೋಲ್‌ನಲ್ಲಿ ಅದರ ಕಾರ್ಖಾನೆಯೂ ಇತ್ತು. 'ಟಿ.ಐ.' ಎಂದರೆ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಎಂಬ ಇಂಗ್ಲಿಷ್ ಕಂಪನಿ. 1949ರಲ್ಲಿ ಮದರಾಸಿನ ಮುರುಗಪ್ಪ ಮನೆತನದ ಜೊತೆಗೂಡಿ ಟಿ.ಐ. ಸೈಕಲ್ಸ್ ಕಟ್ಟಿದ್ದು ಇದೇ ಕಂಪನಿ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ನಮ್ಮ ಹೊಲದ ಹಾದಿಯಲ್ಲಿ ಓಡಾಡಿದ ಹರ್ಕ್ಯುಲಿಸ್ ಸೈಕಲ್ಲಿಗೂ, ಫ್ರಾನ್ಸಿನ ಪರ್ವತ ಹತ್ತಿದ ಝೂಟೆಮೆಲ್ಕ್‌ನ ಸೈಕಲ್ಲಿಗೂ ಹೀಗೆ ಬಾದರಾಯಣ ಸಂಬಂಧವೊಂದು ಇದ್ದೇ ಇದೆ.

ಸೈಕಲ್ ಪಂದ್ಯದಲ್ಲಿ ಗೆಲ್ಲುವವನು ಒಬ್ಬನಾದರೂ ಓಡುವುದು ತಂಡ. ನಾಯಕನಿಗೆ ಗಾಳಿ ತಡೆಯುವುದು, ನೀರು ತಂದುಕೊಡುವುದು, ಅವನ ಚಕ್ರ ಪಂಕ್ಚರ್ ಆದರೆ ತನ್ನದನ್ನೇ ಬಿಚ್ಚಿಕೊಡುವುದು ಉಳಿದವರ ಕೆಲಸ. ಟಿ.ಐ.-ರ‍್ಯಾಲಿ ಆ ವರ್ಷ ಎಷ್ಟು ಬಲವಾಗಿತ್ತೆಂದರೆ ಟೂರ್‌ನ ಹನ್ನೊಂದು ಹಂತಗಳನ್ನು ಆ ತಂಡದವರೇ ಗೆದ್ದರು. ಮಳೆ, ಚಳಿಯ ಆ ಟೂರ್‌ನಲ್ಲಿ ಅವರು ಎಳೆದ ವೇಗಕ್ಕೆ ಎದುರಾಳಿಗಳು ಹಣ್ಣಾದರು. ಹಳದಿ ಅಂಗಿ ತೊಟ್ಟಿದ್ದ ಇನೋನ ಮಂಡಿ ನೋಯತೊಡಗಿತು. ಒಂಟಿ ಓಟದ ಒಂದು ಹಂತದಲ್ಲಿ ಝೂಟೆಮೆಲ್ಕ್ ಅವನನ್ನು ಸೋಲಿಸಿಯೂಬಿಟ್ಟ. ಪಿರನೀಸ್ ಬುಡದ ಪೋ ನಗರದಲ್ಲಿ, ಅಂಗಿ ಇನ್ನೂ ಮೈಮೇಲಿರುವಾಗಲೇ, ಇನೋ ರಾತ್ರೋರಾತ್ರಿ ಪಂದ್ಯ ಬಿಟ್ಟು ಹೊರಟುಹೋದ.

ಹತ್ತು ವರ್ಷ ಕಾದ ಅಂಗಿ ಬೆಳಗಾಗುವಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿತ್ತು. ಝೂಟೆಮೆಲ್ಕ್ ಅದನ್ನು ಅಂದು ತೊಡಲಿಲ್ಲ. ಮರ್ಕ್ಸ್ 1971ರಲ್ಲಿ ಮಾಡಿದ್ದನ್ನೇ ಮಾಡಿದ. ಗುಡ್ಡದ ಹಂತವನ್ನು ತನ್ನ ತಂಡದ ಮಾಮೂಲಿ ಅಂಗಿಯಲ್ಲೇ ಮುಗಿಸಿ, ಹಳದಿ ಅಂಗಿಗೆ ತಾನು ಅರ್ಹನೆಂದು ರಸ್ತೆಯ ಮೇಲೆ ತೋರಿಸಿದ ಮೇಲೆಯೇ ಅದನ್ನು ಮೈಗೇರಿಸಿದ. ಮುಂದೆ ಆಲ್ಪ್ಸ್‌ನಲ್ಲಿ ತನ್ನದೇ ತಂಡದ ಸವಾರನೊಬ್ಬ ಅಡ್ಡ ಬಂದು ಆತ ಬಿದ್ದ. ಮೈ ತರಚಿ ರಕ್ತ ಸುರಿಯಿತು. ಎದ್ದು ಸೈಕಲ್ ಹತ್ತಿದ. ಸೇಂತ್ ಎತಿಯೆನ್‌ನ ಒಂಟಿ ಓಟದಲ್ಲಿ ಮತ್ತೊಮ್ಮೆ ಗೆದ್ದ. ಪ್ಯಾರಿಸ್‌ಗೆ ಬಂದಾಗ ಎರಡನೆಯವನಾದ ಸ್ವದೇಶಿ ಹೆನ್ನಿ ಕೈಪರ್‌ಗಿಂತ 6 ನಿಮಿಷ 55 ಸೆಕೆಂಡು ಮುಂದಿದ್ದ. ಆಗ ಅವನಿಗೆ 33 ವರ್ಷ.

ಆದರೂ ಮಾತು ನಿಲ್ಲಲಿಲ್ಲ. ಇನೋ ಇದ್ದಿದ್ದರೆ? ಪ್ರಶ್ನೆ ಇಂದಿಗೂ ಕೇಳುವವರಿದ್ದಾರೆ. ಅಂದು ಝೂಟೆಮೆಲ್ಕ್ ಪರವಾಗಿ ಮಾತಾಡಿದವರು ಒಂದು ಸಾದಾ ಸಂಗತಿಯತ್ತ ಬೆರಳು ಮಾಡಿದರು. ಟೂರ್ ಎಂಬುದು ಯಾರು ವೇಗವಾಗಿ ಓಡುತ್ತಾರೆ ಎಂಬ ಪರೀಕ್ಷೆ ಮಾತ್ರವಲ್ಲವಲ್ಲ. ಮೂರು ವಾರ ಯಾರ ಮಂಡಿ, ಯಾರ ಹೊಟ್ಟೆ, ಯಾರ ನಿದ್ದೆ ತಡೆಯುತ್ತದೆ ಎಂಬ ಪರೀಕ್ಷೆಯೂ ಹೌದಲ್ಲ! ಮಂಡಿ ಸೋತವನು ಆ ಪರೀಕ್ಷೆಯಲ್ಲಿ ಸೋತಂತೆಯೇ. ಟೂರ್ ಗೆಲ್ಲುವುದು ಹಾಸಿಗೆಯ ಮೇಲೆ, ಎಂದರೆ ಚೆನ್ನಾಗಿ ನಿದ್ದೆ ಮಾಡಿದವನೇ ಗೆಲ್ಲುತ್ತಾನೆ ಎಂಬ ಮಾತು ಝೂಟೆಮೆಲ್ಕ್‌ನ ಹೆಸರಿಗೇ ಅಂಟಿಕೊಂಡಿದೆ. 'ಪ್ಯಾರಿಸ್ ಇನ್ನೂ ದೂರ ಇದೆ' ಎಂಬ ಮತ್ತೊಂದು ಮಾತು ಹಾಲೆಂಡಿನಲ್ಲಿ ಗಾದೆಯೇ ಆಗಿಹೋಗಿದೆ.

ಮೂವತ್ತೆಂಟರ ಕಾಮನಬಿಲ್ಲು

1982ರಲ್ಲಿ ಆರನೆಯ ಸಲ ಎರಡನೆಯ ಸ್ಥಾನ. ಮುಂದಿದ್ದವನು ಅದೇ ಇನೋ. ಅಲ್ಲಿಂದ ಮುಂದೆ ಇಳಿಮುಖ. 1983ರಲ್ಲಿ 23ನೆಯವ, 1984ರಲ್ಲಿ 30ನೆಯವ. ಇನ್ನು ಸೈಕಲ್ ಇಳಿದು ಮನೆಯಲ್ಲಿರಬಾರದೇ ಎಂದು ಜನ ಕೇಳುವ ಹೊತ್ತು.

1985ರ ಸೆಪ್ಟೆಂಬರ್ 1ರಂದು ಇಟಲಿಯ ಜಾವೇರಾ ಡೆಲ್ ಮಾಂಟೆಲ್ಲೊದಲ್ಲಿ ವಿಶ್ವ ಚಾಂಪಿಯನ್‌ಷಿಪ್. ಒಂದೇ ದಿನದ ಪಂದ್ಯ. ಗೆದ್ದವನಿಗೆ ಕಾಮನಬಿಲ್ಲಿನ ಬಣ್ಣದ ಪಟ್ಟೆಯ ಅಂಗಿ. ಕೊನೆಯ ಘಟ್ಟದಲ್ಲಿ ಹತ್ತಾರು ಸವಾರರ ಗುಂಪು ಮುಂದಿತ್ತು. ಅಮೆರಿಕದ ಗ್ರೆಗ್ ಲೆಮಾಂಡ್, ಇಟಲಿಯ ಮೊರೆನೊ ಅರ್ಜೆಂಟಿನ್ ಪರಸ್ಪರ ಕಾವಲು ಕಾಯುತ್ತಿದ್ದರು. ನಾನು ಮೊದಲು ಹೊರಟರೆ ನನ್ನ ಬೆನ್ನ ಮರೆಯಲ್ಲಿ ಇವನು ಬಂದು ಗೆದ್ದಾನು ಎಂಬ ಅಂಜಿಕೆ ಒಬ್ಬೊಬ್ಬರಿಗೂ. ಗುರಿ ಒಂದೆರಡು ಕಿಲೋಮೀಟರ್ ಇರುವಾಗ ಝೂಟೆಮೆಲ್ಕ್ ಪಕ್ಕದಿಂದ ಸದ್ದಿಲ್ಲದೆ ಹೊರಬಿದ್ದ. 38ರ ಈ ಮುದುಕ ಎಲ್ಲಿಗೆ ಹೋದಾನು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತಿಳಿಯುವಷ್ಟರಲ್ಲಿ ಕಾಲ ಮಿಂಚಿತ್ತು. ಮೂರು ಸೆಕೆಂಡುಗಳ ಅಂತರದಿಂದ ಆತ ಗೆರೆ ದಾಟಿದ. ಲೆಮಾಂಡ್ ಎರಡನೆಯವ, ಅರ್ಜೆಂಟಿನ್ ಮೂರನೆಯವ. ಪುರುಷರ ಈ ಪ್ರಶಸ್ತಿ ಗೆದ್ದ ಅತಿ ಹಿರಿಯ ವೃತ್ತಿಪರ ಸವಾರ ಎಂಬ ದಾಖಲೆ ಇಂದಿಗೂ ಅವನದೇ.

ಯಾರ ಬೆನ್ನ ಹಿಂದೆ ಇರುತ್ತಾನೆಂದು ಹದಿನೈದು ವರ್ಷ ಬೈಸಿಕೊಂಡನೋ, ಆ ವಿದ್ಯೆಯೇ ಅಂದು ಫಲ ಕೊಟ್ಟಿತು. ಉಳಿಸಿದ್ದನ್ನು ಖರ್ಚು ಮಾಡುವ ಗಳಿಗೆ ಯಾವುದೆಂದು ಆ ಗುಂಪಿನಲ್ಲಿ ಅವನೊಬ್ಬನಿಗೇ ಗೊತ್ತಾಗಿತ್ತು.

1986ರಲ್ಲಿ ಹದಿನಾರನೆಯ ಹಾಗೂ ಕೊನೆಯ ಟೂರ್. 24ನೆಯ ಸ್ಥಾನ. 1987ರ ವಸಂತದಲ್ಲಿ, ನಲವತ್ತು ತುಂಬಿದ ಮೇಲೆ, ತನ್ನ ದೇಶದ ಅತಿ ದೊಡ್ಡ ಪಂದ್ಯವಾದ ಆಮ್ಸ್ಟೆಲ್ ಗೋಲ್ಡ್ ರೇಸನ್ನೂ ಗೆದ್ದು ಆತ ಆ ವರ್ಷವೇ ನಿವೃತ್ತನಾದ. ಫ್ರೆಂಚ್ ಹೆಣ್ಣನ್ನು ಮದುವೆಯಾಗಿದ್ದ ಆತ ಪ್ಯಾರಿಸ್ ಸಮೀಪದ ಮೋ ಪಟ್ಟಣದಲ್ಲಿ ಹೋಟೆಲ್ ನಡೆಸಿದ. ಬಾಲ್ಯದ ಹಳ್ಳಿ ರೈಪ್ವೆಟರಿಂಗ್ 2005ರಲ್ಲಿ ಅವನ ಪ್ರತಿಮೆ ನಿಲ್ಲಿಸಿತು.

ಹದಿನಾರು ಟೂರ್ ಮುಗಿಸಿದ ದಾಖಲೆಯನ್ನು 2018ರಲ್ಲಿ ಫ್ರಾನ್ಸಿನ ಸಿಲ್ವಾನ್ ಶಾವನೆಲ್ ಸರಿಗಟ್ಟಿದ. ಆದರೆ ಶಾವನೆಲ್ ಹೊರಟದ್ದು ಹದಿನೆಂಟು ಸಲ. ಎರಡು ಸಲ ನಡುವೆ ಇಳಿದಿದ್ದ. ಹಾಲೆಂಡಿನ ಮಹಿಳೆಯರು ಮುಂದೆ ಬಂದಿದ್ದಾರೆ. ಮಹಿಳೆಯರ ಟೂರ್ ಅನ್ನು 2022ರಲ್ಲಿ ಆನೆಮಿಕ್ ವಾನ್ ಫ್ಲೂಟೆನ್, 2023ರಲ್ಲಿ ಡೆಮಿ ವೊಲ್ಲರಿಂಗ್ ಗೆದ್ದರು. ಪುರುಷರ ಟೂರ್ ಅನ್ನು ಮಾತ್ರ ಝೂಟೆಮೆಲ್ಕ್‌ನ ಬಳಿಕ ಯಾವ ಡಚ್ ಸವಾರನೂ ಗೆದ್ದಿಲ್ಲ. 2018ರಲ್ಲಿ ಟಾಮ್ ಡುಮೂಲಿನ್ ಬಹಳ ಹತ್ತಿರ ಬಂದಿದ್ದ. ಅವನ ಸ್ಥಾನವೂ ಎರಡನೆಯದೇ!

ನಮ್ಮ ಹಾದಿಯ ಸವಾರರು

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ ಜಿಲ್ಲೆಗಳು ಕರ್ನಾಟಕದ ಸೈಕ್ಲಿಂಗ್ ತವರು. ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆಯಿಂದ, ಉಳಿದ ಜಿಲ್ಲೆಗಳ ಕ್ರೀಡಾ ನಿಲಯಗಳಿಂದ ಪ್ರತಿ ವರ್ಷ ಹುಡುಗ ಹುಡುಗಿಯರು ರಾಜ್ಯ ಮಟ್ಟ, ರಾಷ್ಟ್ರ ಮಟ್ಟದ ಪಂದ್ಯಗಳಿಗೆ ಹೋಗುತ್ತಾರೆ. ಬಹುಪಾಲು ಒಕ್ಕಲುತನದ, ಕೂಲಿಯ ಮನೆಗಳ ಮಕ್ಕಳು. ನಸುಕಿನಲ್ಲೆದ್ದು ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ನಡುವೆ ಅವರ ಅಭ್ಯಾಸ. ರಜೆಗೆ ಊರಿಗೆ ಬಂದರೆ ಕಟ್ಟೆಯ ಮೇಲೆ ಕುಳಿತವರು ಕೇಳುವ ಮೊದಲ ಮಾತು 'ಎಷ್ಟನೇ ನಂಬರ್ ಬಂದಿ?' ಎಂಬುದು. ಎರಡನೆಯದು ಎಂದರೆ 'ಹೌದಾ, ಮುಂದಿನ ಸಲ ಬರ್ತದ ಬಿಡು' ಎಂಬ ಸಮಾಧಾನ. ಏಳನೆಯದು ಎಂದರೆ ಮಾತು ಮಳೆ-ಬೆಳೆಯ ಕಡೆಗೆ ಹೊರಳುತ್ತದೆ. ನೂರು ಕಿಲೋಮೀಟರ್ ದೂರವನ್ನು ಬೀಳದೆ, ಬಿಡದೆ ತುಳಿದು ಮುಗಿಸಿದ್ದಕ್ಕೆ ಬೆನ್ನು ತಟ್ಟುವವರು ಕಡಿಮೆ. ಒಂದೆರಡು ಸಲ ಹೀಗಾದರೆ ಸೈಕಲ್ ಗೋಡೆಗೆ ಒರಗುತ್ತದೆ, ಸವಾರ ಬೇರೆ ಕೆಲಸ ಹುಡುಕುತ್ತಾನೆ.

ಕೌಜಲಗಿ ಎಂದರೆ ಕೃಷ್ಣ ಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮನ ಹೆಸರು ನೆನಪಾಗುವ ಊರು. ಪಾರಿಜಾತದ ಆಟ ಇಡೀ ರಾತ್ರಿ ನಡೆಯುವಂಥದು. ನಡುರಾತ್ರಿಯ ಹಾಡು ಎಷ್ಟೇ ರಂಗೇರಿರಲಿ, ಬೆಳಗಿನ ಮಂಗಳದವರೆಗೆ ಕಂಠ ಉಳಿಸಿಕೊಂಡ ಮೇಳವನ್ನೇ ಜನ ಮತ್ತೆ ಕರೆಸುತ್ತಿದ್ದರು. ಅಂಥ ಆಟಗಳನ್ನು ಕಂಡ ಸೀಮೆಯವರಿಗೆ ಝೂಟೆಮೆಲ್ಕ್‌ನ ಬಾಳು ಅರ್ಥವಾಗುವುದು ಕಷ್ಟವಲ್ಲ. ಹದಿನಾರು ಬೇಸಿಗೆಗಳಲ್ಲಿ ಆತ ತುಳಿದ ಟೂರ್ ಹಾದಿಯಷ್ಟೇ ಅರವತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು. ಭೂಮಿಯನ್ನು ಒಂದೂವರೆ ಸುತ್ತು ಹಾಕಿದಷ್ಟು! ಅದರಲ್ಲಿ ಆತ ಹಳದಿ ಅಂಗಿ ತೊಟ್ಟು ಓಡಿದ್ದು ಕೆಲವೇ ವಾರ. ಉಳಿದ ದಾರಿಯೆಲ್ಲ ಯಾರ ಕಣ್ಣಿಗೂ ಬೀಳದ ಮಾಮೂಲಿ ಅಂಗಿಯಲ್ಲಿಯೇ ಸಾಗಿತು.

ಈ ಹಂಗಾಮಿನಲ್ಲೂ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸೈಕಲ್ ಹೊಡೆದು, ತಿರುವಿನಲ್ಲಿ ಗಾಳಿಗೆ ಎದೆಯೊಡ್ಡಿ ಮನೆಯ ಹಾದಿ ಹಿಡಿಯುವ ಹುಡುಗರಿರುತ್ತಾರೆ. ಅವರಲ್ಲೊಬ್ಬ ನಾಳೆ ಯಾವುದೋ ಪಂದ್ಯದಿಂದ ಮರಳಿ ಬಂದು ಕಟ್ಟೆಯ ಮುಂದೆ ಸೈಕಲ್ ಇಳಿದಾಗ, ಎಷ್ಟನೆಯವನಾಗಿ ಬಂದೆ ಎಂದು ಕೇಳುವುದಕ್ಕೆ ಮೊದಲು ಒಂದು ತಂಬಿಗೆ ನೀರು ಕೊಟ್ಟು, ಹಾದಿ ಹೇಗಿತ್ತು ಎಂದು ಕೇಳಿದರೆ ಹೇಗೆ?